ಮಹಾವೀರಾಚಾರ್ಯರ ಹಾರವನ್ನು ಬಿಡಿಸುವುದು ಹೇಗೆ?

27994681ನ್ನು 441ರಿಂದ ಗುಣಿಸಿ ನೋಡಿ. ಕ್ಯಾಲ್ಕುಲೇಟರ್ ಬೇಡ, ಒಂದು ಹಾಳೆ, ಒಂದು ಪೆನ್ನು ಸಾಕು. ಸಾಲು ಸಾಲಾಗಿ ಬರೆದು ಕೂಡಿದರೆ ಸಿಗುವ ಉತ್ತರ 12345654321. ಒಂದರಿಂದ ಆರರವರೆಗೆ ಒಂದೊಂದಾಗಿ ಏರಿ, ಮತ್ತೆ ಒಂದೊಂದಾಗಿ ಇಳಿದು ಒಂದಕ್ಕೇ ಬಂದು ನಿಲ್ಲುವ ಹನ್ನೊಂದು ಅಂಕೆಗಳು. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ.

ಈ ಲೆಕ್ಕ ಇಂದಿನದಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಗ್ರಂಥದ ಆರಂಭದಲ್ಲೇ ಮಹಾವೀರರು ಈ ಅರಸನನ್ನು ಹೊಗಳಿದ್ದಾರೆ. 1912ರಲ್ಲಿ ಮದರಾಸು ಸರ್ಕಾರ ಈ ಗ್ರಂಥವನ್ನು ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿತು. ಗುಣಾಕಾರ ಕಲಿಸುವ ಭಾಗದಲ್ಲಿ ಮಹಾವೀರರು ಸುಮ್ಮನೆ ಯಾವುದೋ ಸಂಖ್ಯೆಗಳನ್ನು ಕೊಟ್ಟು ಗುಣಿಸಿ ಎನ್ನುವುದಿಲ್ಲ. ಉತ್ತರ ಹಾರದ ಹಾಗೆ ಎರಡೂ ಕಡೆ ಒಂದೇ ಸಮ ಬರುವಂಥ ಸಂಖ್ಯೆಗಳನ್ನು ಆರಿಸಿ ಕೊಡುತ್ತಾರೆ, ಅವುಗಳನ್ನು ಕೊರಳ ಆಭರಣವೆಂದೇ ಕರೆಯುತ್ತಾರೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು, 11111111. 333333666667ನ್ನು 33ರಿಂದ ಗುಣಿಸಿದರೆ 11000011000011. ಲೆಕ್ಕ ಮುಗಿಸಿದ ವಿದ್ಯಾರ್ಥಿಗೆ ಉತ್ತರ ಸರಿಯೋ ತಪ್ಪೋ ಎಂದು ಗುರುವನ್ನು ಕೇಳುವ ಅಗತ್ಯವೇ ಇಲ್ಲ. ಹಾರ ಸರಿಯಾಗಿ ಕೂಡಿದ್ದರೆ ಲೆಕ್ಕ ಸರಿ. ಕಲಿಸುವ ಕೆಲಸದಲ್ಲಿ ಇಷ್ಟು ಸೊಗಸಾದ ಉಪಾಯ ಅಪರೂಪ.

ಆ ಹಾರಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಮೇಲೆ ಹೇಳಿದ 12345654321. ಇಂದಿನ ಲೆಕ್ಕದಲ್ಲಿ ಇದು 1234 ಕೋಟಿ 56 ಲಕ್ಷ 54 ಸಾವಿರದ 321. ಮಹಾವೀರರು ಏಕ, ದಶ, ಶತದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಅವರ ಪಟ್ಟಿಯಲ್ಲಿ ಈ ಸಂಖ್ಯೆಯ ಎಡತುದಿಯ ಒಂದು ಕೂರುವುದು ಹನ್ನೊಂದನೆಯ ಸ್ಥಾನವಾದ ಅರ್ಬುದದಲ್ಲಿ. ಇಷ್ಟು ದೊಡ್ಡ ಸಂಖ್ಯೆಯನ್ನು ನೋಡಿದ ಕೂಡಲೇ ಅದರ ಒಳಗೇನಿದೆ ಎಂದು ಹೇಳಲಾಗದು. ಆದರೆ ಬಿಡಿಸಿ ನೋಡಲು ಶಾಲೆಯ ಗಣಿತವೇ ಸಾಕು. ಒಂದೊಂದೇ ಮಣಿ ಕಳಚುತ್ತಾ ಹೋಗೋಣ.

ಮೊದಲು, ಹಾರ ಕಟ್ಟಿದ್ದು ಹೇಗೆ ಎಂಬುದು. 441 ಅಂದರೆ 21ರ ವರ್ಗ. 27994681 ಅಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಹಾಗಾಗಿ ನಮ್ಮ ಸಂಖ್ಯೆ ಆರು ಒಂದುಗಳ ವರ್ಗ, 111111 × 111111. ಇದನ್ನು ಶಾಲೆಯಲ್ಲಿ ಕಲಿತಂತೆ ಬರೆಯಿರಿ. ಒಂದರಿಂದ ಗುಣಿಸಿದರೆ ಸಂಖ್ಯೆ ಬದಲಾಗದ ಕಾರಣ ಆರು ಸಾಲುಗಳಲ್ಲೂ 111111 ಇರುತ್ತದೆ, ಪ್ರತಿ ಸಾಲೂ ಹಿಂದಿನದಕ್ಕಿಂತ ಒಂದು ಮನೆ ಎಡಕ್ಕೆ ಸರಿದಿರುತ್ತದೆ. ಈಗ ಕಂಬಗಳನ್ನು ಕೂಡಿ. ಬಲತುದಿಯ ಕಂಬದಲ್ಲಿ ಒಂದೇ ಒಂದು, ಅದರ ಎಡಕ್ಕೆ ಎರಡು, ಆಮೇಲೆ ಮೂರು. ನಟ್ಟನಡುವಿನ ಕಂಬದಲ್ಲಿ ಆರೂ ಸಾಲುಗಳ ಒಂದುಗಳು ಸೇರಿ ಆರು. ಅಲ್ಲಿಂದ ಎಡಕ್ಕೆ ಸಾಲುಗಳು ಒಂದೊಂದಾಗಿ ಮುಗಿಯುವುದರಿಂದ ಐದು, ನಾಲ್ಕು, ಮೂರು, ಎರಡು, ಒಂದು.

ಯಾವ ಕಂಬದ ಮೊತ್ತವೂ ಹತ್ತನ್ನು ಮುಟ್ಟಲಿಲ್ಲ, ದಶಕವನ್ನು ಮುಂದಿನ ಮನೆಗೆ ಸಾಗಿಸುವ ಪ್ರಸಂಗವೇ ಬರಲಿಲ್ಲ. ಹಾರ ಚೊಕ್ಕವಾಗಿ ಉಳಿದದ್ದು ಅದಕ್ಕೇ. ಒಂಬತ್ತು ಒಂದುಗಳ ವರ್ಗ 12345678987654321, ಅಲ್ಲಿಯವರೆಗೂ ಈ ಚೆಂದ ಉಳಿಯುತ್ತದೆ. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುಕಂಬದಲ್ಲಿ ಹತ್ತು ಬಂದು, ದಶಕ ಎಡಕ್ಕೆ ಹೋಗಿ, ಉತ್ತರ 1234567900987654321 ಆಗುತ್ತದೆ. ಎಡಭಾಗದಲ್ಲಿ ಎಂಟು ಕಾಣೆಯಾಗಿದೆ.

ಅಂಕೆಗಳನ್ನು ಕೂಡಿದರೆ 1+2+3+4+5+6+5+4+3+2+1, ಅಂದರೆ 36, ಆರರ ವರ್ಗ. ಇದೂ ಆಕಸ್ಮಿಕವಲ್ಲ. ಆರು ಸಾಲುಗಳಲ್ಲಿ ಆರಾರು ಒಂದುಗಳು, ದಶಕ ಸಾಗಿಲ್ಲ, ಹಾಗಾಗಿ ಒಂದೂ ಕಳೆದುಹೋಗಿಲ್ಲ. ಮೊತ್ತ 36 ಆದುದರಿಂದ ಸಂಖ್ಯೆ 9ರಿಂದ ಭಾಗವಾಗುತ್ತದೆ ಎಂಬುದೂ ತಿಳಿಯಿತು.

ಈಗ ಬಿಡಿಸುವ ಕೆಲಸ. ಇದು ಯಾವುದರ ವರ್ಗ ಎಂಬುದು ಗೊತ್ತಿಲ್ಲ, ಬರೀ 12345654321 ಎಂದು ಯಾರೋ ಬರೆದುಕೊಟ್ಟಿದ್ದಾರೆ ಎಂದುಕೊಳ್ಳಿ. ಅದರ ಅವಿಭಾಜ್ಯ ಅಪವರ್ತನಗಳನ್ನು ಹುಡುಕುವುದು ಹೇಗೆ? 2, 3, 5, 7, 11 ಎಂದು ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತಾ ಹೋಗುವುದು ನೇರ ದಾರಿ. ವರ್ಗಮೂಲದವರೆಗೆ ನೋಡಿದರೆ ಸಾಕು. ಆದರೆ ಹನ್ನೊಂದು ಅಂಕೆಯ ಸಂಖ್ಯೆಯ ವರ್ಗಮೂಲ ಲಕ್ಷ ದಾಟಿರುತ್ತದೆ, ಒಂದು ಲಕ್ಷದೊಳಗೆ 9592 ಅವಿಭಾಜ್ಯಗಳಿವೆ. ಸಂಖ್ಯೆ ಹಟಮಾರಿಯಾಗಿದ್ದರೆ ಅಷ್ಟೂ ಭಾಗಾಕಾರ ಮಾಡಬೇಕಾದೀತು. ಅದೃಷ್ಟಕ್ಕೆ ಹತ್ತರ ಪದ್ಧತಿಯಲ್ಲಿ ಬರೆದ ಸಂಖ್ಯೆಗಳಿಗೆ ಒಂದು ಚುರುಕಾದ ಪರೀಕ್ಷೆಯಿದೆ. ನಾಲ್ಕು ಅವಿಭಾಜ್ಯಗಳನ್ನು ಅದು ಎರಡೇ ಸಾಲಿನಲ್ಲಿ ಸೋಸುತ್ತದೆ. ಇದನ್ನು ನಮ್ಮ ಶಾಲೆಗಳಲ್ಲಿ ಹೆಚ್ಚಾಗಿ ಹೇಳಿಕೊಡುವುದಿಲ್ಲ, ಹೇಳಿಕೊಡಬೇಕು.

ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕೆಗಳಾಗಿ ವಿಂಗಡಿಸಿ: 12, 345, 654, 321. ಬಲದ ಗುಂಪಿನಿಂದ ಶುರುಮಾಡಿ ಒಂದನ್ನು ಕಳೆಯಿರಿ, ಮುಂದಿನದನ್ನು ಕೂಡಿ, ಮತ್ತೆ ಕಳೆಯಿರಿ. 321 − 654 + 345 − 12. ಉತ್ತರ ಸೊನ್ನೆ. ಹಾಗಾದರೆ ಮೂಲ ಸಂಖ್ಯೆ 1001ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. 1001 ಅಂದರೆ 7 × 11 × 13. ಒಂದೇ ಏಟಿಗೆ ಮೂರು ಅಪವರ್ತನಗಳು ಸಿಕ್ಕಿದವು.

ಇದು ಹೇಗೆ ಕೆಲಸ ಮಾಡುತ್ತದೆ? 1000 ಎಂಬುದು 1001ಕ್ಕಿಂತ ಒಂದು ಕಡಿಮೆ. ಹಾಗಾಗಿ 1001ರಿಂದ ಭಾಗಿಸುವಾಗ ಸಾವಿರವನ್ನು ‘ಋಣ ಒಂದು’ ಎಂದೇ ಎಣಿಸಬಹುದು. ಸಾವಿರದ ಸಾವಿರ, ಅಂದರೆ ಹತ್ತು ಲಕ್ಷ, ಋಣ ಒಂದರ ವರ್ಗ, ಅಂದರೆ ಒಂದು. ಅದರ ಸಾವಿರ ಪಟ್ಟಾದ ನೂರು ಕೋಟಿ ಮತ್ತೆ ಋಣ ಒಂದು. ನಮ್ಮ ಸಂಖ್ಯೆಯಲ್ಲಿ 321 ಬಿಡಿಗಳು, 654 ಸಾವಿರಗಳು, 345 ಹತ್ತು ಲಕ್ಷಗಳು, 12 ನೂರು ಕೋಟಿಗಳು ಇವೆ. ಚಿಹ್ನೆಗಳು ಒಂದು ಬಿಟ್ಟು ಒಂದು ಬದಲಾಗುವುದು ಇದರಿಂದ. ಕೊನೆಗೆ ಉಳಿದದ್ದು ಸೊನ್ನೆಯಲ್ಲದೆ ಬೇರೆ ಏನಾದರೂ ಆಗಿದ್ದರೆ, ಆ ಚಿಕ್ಕ ಸಂಖ್ಯೆಯನ್ನು 7, 11, 13ರಿಂದ ಭಾಗಿಸಿ ನೋಡಿದರೆ ಮೂಲದ ಬಗ್ಗೆ ತೀರ್ಪು ಸಿಗುತ್ತದೆ. ನಿಮ್ಮ ಫೋನ್ ನಂಬರಿನ ಮೇಲೂ ಇದನ್ನು ಪ್ರಯೋಗಿಸಬಹುದು.

ಇದೇ ಗುಂಪುಗಳನ್ನು ಕಳೆಯದೆ ಬರೀ ಕೂಡಿದರೆ ಅದು 999ರ ಪರೀಕ್ಷೆ, ಏಕೆಂದರೆ 1000 ಎಂಬುದು 999ಕ್ಕಿಂತ ಒಂದು ಹೆಚ್ಚು. 12 + 345 + 654 + 321 = 1332. ಇನ್ನೊಮ್ಮೆ ಗುಂಪು ಮಾಡಿ ಕೂಡಿದರೆ 1 + 332 = 333. ಇದು 9 × 37. ಹೀಗೆ 37 ಕೂಡ ಒಳಗಿದೆ ಎಂದು ಖಚಿತವಾಯಿತು, 9 ಇರುವುದೂ ಮತ್ತೊಮ್ಮೆ ದೃಢಪಟ್ಟಿತು.

ಇನ್ನು ಭಾಗಿಸೋಣ. 1001ರಿಂದ ಭಾಗಿಸಿದರೆ 12333321. ತಾಳೆ ನೋಡಲು ಇದನ್ನು ಮೂರು ಮನೆ ಸರಿಸಿ ಇದಕ್ಕೇ ಕೂಡಿ: 12333321000 + 12333321 = 12345654321. ಹೊಸ ಸಂಖ್ಯೆಯೂ ಎರಡೂ ಕಡೆಯಿಂದ ಒಂದೇ. ಅದರ ಗುಂಪುಗಳು 12, 333, 321. ಅಂದರೆ 321 − 333 + 12, ಮತ್ತೆ ಸೊನ್ನೆ. ಹಾಗಾಗಿ ಇದೂ 1001ರಿಂದ ಭಾಗವಾಗುತ್ತದೆ, ಸಿಗುವುದು 12321. ಇದೂ ಹಾರವೇ! 12321 ಎಂಬುದು 111ರ ವರ್ಗ, 111 ಎಂಬುದು 3 × 37. ದೊಡ್ಡ ಹಾರದೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಹಾರವಿದ್ದು, ಎಲ್ಲ ಬಿಡಿಸಿದ ಮೇಲೆ ಕೈಯಲ್ಲಿ ಉಳಿಯುವುದು ಐದು ಅವಿಭಾಜ್ಯಗಳು, ಪ್ರತಿಯೊಂದೂ ಎರಡೆರಡು ಬಾರಿ:

12345654321 = 3² × 7² × 11² × 13² × 37².

ಸಾವಿರಾರು ಭಾಗಾಕಾರ ಬೇಕಾಗುವ ಭಯವಿತ್ತು. ಅದು ತಪ್ಪಿದ್ದು ಈ ಸಂಖ್ಯೆಯ ಅಪವರ್ತನಗಳು ಚಿಕ್ಕವಾಗಿರುವುದರಿಂದ. ಆರು ಒಂದುಗಳನ್ನೇ ಆರಿಸಿದ್ದರಲ್ಲಿ ಮಹಾವೀರರ ಜಾಣ್ಮೆ ಇಲ್ಲಿ ಎದ್ದು ಕಾಣುತ್ತದೆ. ಆರನ್ನು ಎರಡರ ಗುಂಪುಗಳಾಗಿಯೂ ಮೂರರ ಗುಂಪುಗಳಾಗಿಯೂ ಒಡೆಯಬಹುದು. ಅದಕ್ಕೇ 111111ರಲ್ಲಿ 11 ಕೂಡ ಇದೆ, 111 ಕೂಡ ಇದೆ: 11 × 10101 ಎಂದೂ ಬರೆಯಬಹುದು, 111 × 1001 ಎಂದೂ ಬರೆಯಬಹುದು. ಐದು ಒಂದುಗಳಾಗಿದ್ದರೆ 41 × 271, ಅಷ್ಟೇ. ಏಳು ಒಂದುಗಳಾಗಿದ್ದರೆ 239 × 4649, ಕೈಲೆಕ್ಕದಲ್ಲಿ ಹುಡುಕುವುದೇ ಕಷ್ಟ. ಹತ್ತೊಂಬತ್ತು ಒಂದುಗಳನ್ನು ಸಾಲಾಗಿ ಬರೆದರೆ ಅದು ಅವಿಭಾಜ್ಯ, ಒಡೆಯುವುದೇ ಇಲ್ಲ. ವಿದ್ಯಾರ್ಥಿಗೆ ಗುಣಾಕಾರದ ಅಭ್ಯಾಸ ಕೊಡುವವನಿಗೆ ಬೇಕಾದದ್ದು ಹಲವು ರೀತಿಯಲ್ಲಿ ಒಡೆಯಬಲ್ಲ ಸಂಖ್ಯೆ. ನಮ್ಮ ಸಂಖ್ಯೆಯ ಭಾಜಕಗಳು ಎಷ್ಟು ಗೊತ್ತೇ? ಪ್ರತಿ ಅವಿಭಾಜ್ಯವನ್ನೂ ಸೊನ್ನೆ, ಒಂದು ಅಥವಾ ಎರಡು ಬಾರಿ ತೆಗೆದುಕೊಳ್ಳಬಹುದು. ಐದು ಅವಿಭಾಜ್ಯಗಳಿಗೆ ಮೂರು ಮೂರು ಆಯ್ಕೆ, ಅಂದರೆ 3 × 3 × 3 × 3 × 3 = 243 ಭಾಜಕಗಳು. ಏಳು ಒಂದುಗಳ ವರ್ಗವಾದ 1234567654321 ಇದಕ್ಕಿಂತ ನೂರು ಪಟ್ಟು ದೊಡ್ಡದು, ಆದರೆ ಅದಕ್ಕಿರುವ ಭಾಜಕಗಳು ಒಂಬತ್ತೇ.

243 ಬೆಸ ಸಂಖ್ಯೆ ಎಂಬುದನ್ನು ಗಮನಿಸಿ. ಭಾಜಕಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ. 441 ಇದ್ದರೆ ಅದರ ಜೊತೆಗೆ 27994681. ಪೂರ್ಣವರ್ಗದಲ್ಲಿ ಮಾತ್ರ ವರ್ಗಮೂಲಕ್ಕೆ ಜೊತೆಯಿಲ್ಲ, ಅದರ ಜೋಡಿ ಅದೇ. ಇಲ್ಲಿ 111111 ಒಂಟಿ, ಉಳಿದ 242 ಭಾಜಕಗಳು 121 ಜೋಡಿಗಳು. 441 × 27994681 ಎಂಬ ಮಹಾವೀರರ ಜೋಡಿ ಆ 121ರಲ್ಲಿ ಒಂದು.

ಇಲ್ಲಿಯವರೆಗೆ ನೋಡಿದ್ದರಲ್ಲಿ ಎರಡು ಬಗೆಯ ಗುಣಗಳು ಬೆರೆತಿವೆ. ಹಿಂದುಮುಂದಾಗಿ ಓದಿದರೂ ಒಂದೇ ಎಂಬುದು ನಾವು ಹತ್ತರ ಪದ್ಧತಿಯಲ್ಲಿ ಬರೆಯುವುದರಿಂದ ಬಂದ ಗುಣ. ಇದೇ ಸಂಖ್ಯೆಯನ್ನು ಕಂಪ್ಯೂಟರಿನಂತೆ ಸೊನ್ನೆ-ಒಂದುಗಳಲ್ಲಿ ಬರೆದರೆ ಆ ಏರಿಳಿತವಿರುವುದಿಲ್ಲ. ಐದು ಅವಿಭಾಜ್ಯಗಳ ವರ್ಗಗಳ ಗುಣಲಬ್ಧ ಎಂಬುದು ಹೇಗೆ ಬರೆದರೂ ಬದಲಾಗದ ಗುಣ. ಆದರೆ ಮೆಟ್ಟಿಲಿನ ಆಕಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಏಳರ ಪದ್ಧತಿಯಲ್ಲಿ, ಅಂದರೆ ಪ್ರತಿ ಸ್ಥಾನದ ಬೆಲೆ ಹಿಂದಿನದರ ಏಳು ಪಟ್ಟು ಆಗುವಂತೆ ಎಣಿಸುವವರು 12345654321 ಎಂದು ಬರೆದರೆ ಅವರ ಸಂಖ್ಯೆ ಬೇರೆ, ನಮ್ಮದಕ್ಕಿಂತ ತುಂಬ ಚಿಕ್ಕದು. ಅದೂ ಪೂರ್ಣವರ್ಗವೇ! ಎಂಟರಲ್ಲೂ ಹನ್ನೆರಡರಲ್ಲೂ ಹಾಗೇ. ಕಂಬಗಳನ್ನು ಕೂಡಿದ ಲೆಕ್ಕವನ್ನು ನೆನಪಿಸಿಕೊಳ್ಳಿ, ಅಲ್ಲಿ ಬೇಕಾಗಿದ್ದದ್ದು ನಡುವಿನ ಆರು ಒಂದೇ ಮನೆಯಲ್ಲಿ ಹಿಡಿಯುವುದು, ಅಷ್ಟೇ. ಏಳು ಮತ್ತು ಅದಕ್ಕಿಂತ ಮೇಲಿನ ಎಲ್ಲ ಪದ್ಧತಿಗಳಲ್ಲೂ ಆರು ಹಿಡಿಯುತ್ತದೆ.

ಪಕ್ಕದ ಮನೆಯನ್ನೂ ಒಮ್ಮೆ ಇಣುಕೋಣ. 12345654320 ಎಂಬ ಸಂಖ್ಯೆಯನ್ನು ಅಪವರ್ತಿಸಿ ಎಂದರೆ ಭಯವಾಗಬಹುದು. ಆದರೆ ಇದು 111111ರ ವರ್ಗಕ್ಕಿಂತ ಒಂದು ಕಡಿಮೆ, ಎರಡು ವರ್ಗಗಳ ವ್ಯತ್ಯಾಸ. ಹಾಗಾಗಿ 111110 × 111112 ಎಂದು ಬರೆದ ಕ್ಷಣವೇ ಕೆಲಸ ಅರ್ಧ ಮುಗಿಯಿತು. ಮೊದಲನೆಯದು 2 × 5 × 41 × 271, ಎರಡನೆಯದು 8 × 17 × 19 × 43. ಅತಿ ದೊಡ್ಡ ಅವಿಭಾಜ್ಯ ಬರೀ 271. ದೊಡ್ಡ ಸಂಖ್ಯೆ ಎದುರಾದಾಗ ಅದರ ಹತ್ತಿರ ಯಾವುದಾದರೂ ಪೂರ್ಣವರ್ಗ ಇದೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ. ಸಂಖ್ಯೆಯ ಮುಂದಿನ ವರ್ಗದಿಂದ ಅದನ್ನು ಕಳೆದಾಗ ಉಳಿಯುವುದೂ ವರ್ಗವಾದರೆ ಅಪವರ್ತನ ಕೈಗೆ ಸಿಕ್ಕಿತು. ಹದಿನೇಳನೆಯ ಶತಮಾನದಲ್ಲಿ ಗಣಿತಜ್ಞ ಫರ್ಮಾ ಇದನ್ನೇ ಒಂದು ವಿಧಾನವಾಗಿ ಬೆಳೆಸಿದ.

ಮತ್ತೆ ಮಹಾವೀರರಿಗೆ ಬರೋಣ, ಈ ಸಲ ಕ್ಷೇತ್ರಗಣಿತಕ್ಕೆ. ಎರಡು ಬೀಜಸಂಖ್ಯೆಗಳಿಂದ ಲಂಬಕೋನದ ಆಕೃತಿಗಳನ್ನು ಹುಟ್ಟಿಸುವ ಕ್ರಮವನ್ನು ಅವರು ಜನ್ಯ ಎಂಬ ಹೆಸರಿನಲ್ಲಿ ವಿವರವಾಗಿ ಹೇಳಿದ್ದಾರೆ. ಬೀಜಗಳ ವರ್ಗಗಳ ವ್ಯತ್ಯಾಸ ಒಂದು ಬಾಹು, ಗುಣಲಬ್ಧದ ಎರಡು ಪಟ್ಟು ಇನ್ನೊಂದು ಬಾಹು, ವರ್ಗಗಳ ಮೊತ್ತ ಕರ್ಣ. 65 ಕರ್ಣವಿರುವ ನಾಲ್ಕು ಆಯತಗಳನ್ನೂ ಅವರು ಕೊಟ್ಟಿದ್ದಾರೆ: ಬಾಹುಗಳು 16 ಮತ್ತು 63, 25 ಮತ್ತು 60, 33 ಮತ್ತು 56, 39 ಮತ್ತು 52. ಅವರ ಹಾರದ ವರ್ಗಮೂಲವಾದ 111111ನ್ನು ಕರ್ಣ ಮಾಡಿದರೆ ಎಷ್ಟು ಆಕೃತಿಗಳು ಸಿಗುತ್ತವೆ?

ಇದಕ್ಕೆ ಉತ್ತರ ಕೊಡುವುದು ಅಪವರ್ತನಗಳೇ. ಬೆಸ ಅವಿಭಾಜ್ಯವನ್ನು 4ರಿಂದ ಭಾಗಿಸಿದಾಗ ಶೇಷ 1 ಬಂದರೆ ಮಾತ್ರ ಅದು ಎರಡು ವರ್ಗಗಳ ಮೊತ್ತವಾಗುತ್ತದೆ. ನಮ್ಮ ಐದರಲ್ಲಿ 3, 7, 11 ಶೇಷ 3 ಕೊಡುತ್ತವೆ, ಅವು ಆಕೃತಿಯನ್ನು ಹಿಗ್ಗಿಸುತ್ತವೆಯೇ ಹೊರತು ಹೊಸದನ್ನು ಹುಟ್ಟಿಸುವುದಿಲ್ಲ. 13 ಮತ್ತು 37 ಶೇಷ 1 ಕೊಡುತ್ತವೆ. 65 ಕೂಡ ಅಂಥವೇ ಎರಡರ ಗುಣಲಬ್ಧ, 5 × 13. ಹಾಗಾಗಿ ಇಲ್ಲೂ ಅಲ್ಲಿಯಂತೆಯೇ ನಾಲ್ಕು. 13 × 37 = 481 ಎಂಬುದನ್ನು 16² + 15² ಎಂದೂ 20² + 9² ಎಂದೂ ಬರೆಯಬಹುದು. ಮೊದಲನೆಯ ಬೀಜಗಳು 31, 480, 481 ಎಂಬ ತ್ರಿಭುಜ ಕೊಡುತ್ತವೆ, ಎರಡನೆಯವು 319, 360, 481. ಉಳಿದ ಎರಡು ನಮಗೆ ಪರಿಚಿತವಾದ 5, 12, 13 ಮತ್ತು 12, 35, 37 ಎಂಬ ತ್ರಿಭುಜಗಳನ್ನು ಹಿಗ್ಗಿಸಿದಾಗ ಬರುತ್ತವೆ. 481ನ್ನು 231ರಿಂದ ಗುಣಿಸಿದರೆ 111111, ಆದ್ದರಿಂದ ಎಲ್ಲವನ್ನೂ ಆ ಅಳತೆಗೆ ತಂದರೆ ಆಯಿತು. ಕೊನೆಯದರ ಬಾಹುಗಳು ನೋಡಲೂ ಚೆಂದ: 36036 ಮತ್ತು 105105. ಇವೆರಡರ ವರ್ಗಗಳನ್ನು ಕೂಡಿದರೆ 12345654321.

ಇನ್ನೊಂದು ಗುಣ ನೋಡಿದಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಒಂದನ್ನು ಈ ಸಂಖ್ಯೆಯಿಂದ ಭಾಗಿಸಿ ದಶಮಾಂಶದಲ್ಲಿ ಬರೆಯಿರಿ. ಆರಾರು ಅಂಕೆಗಳ ಗುಂಪು ಮಾಡಿದರೆ ಹೀಗೆ ಬರುತ್ತದೆ:

0.000000 000081 000162 000243 000324 000405 000486 …

81ರ ಮಗ್ಗಿ! ಎಂಬತ್ತೊಂದೊಂದ್ಲೆ ಎಂಬತ್ತೊಂದು, ಎಂಬತ್ತೊಂದೆರಡ್ಲೆ ನೂರ ಅರವತ್ತೆರಡು ಎಂದು ಸಾಲಾಗಿ ಬರುತ್ತಲೇ ಇರುತ್ತದೆ. ಕಾರಣ ನಾವು ಆಗಲೇ ಕಂಡ ಕಂಬಗಳಲ್ಲೇ ಇದೆ. 111111ನ್ನು 9ರಿಂದ ಗುಣಿಸಿದರೆ 999999. ಒಂದನ್ನು 999999ರಿಂದ ಭಾಗಿಸಿದರೆ ಆರು ಮನೆಗೊಮ್ಮೆ 1 ಬರುತ್ತದೆ, 0.000001 000001 … ಎಂದು. ಹಾಗಾಗಿ ಒಂದನ್ನು 111111ರಿಂದ ಭಾಗಿಸಿದರೆ ಆರು ಮನೆಗೊಮ್ಮೆ 9 ಬರುತ್ತದೆ. ಅದರ ವರ್ಗವೇ ನಮಗೆ ಬೇಕಾದದ್ದು. ಒಂಬತ್ತುಗಳ ಸಾಲನ್ನು ಒಂಬತ್ತುಗಳ ಸಾಲಿನಿಂದ ಗುಣಿಸಿದಾಗ ಮೊದಲ ಕಂಬದಲ್ಲಿ ಒಂದು 81, ಎರಡನೆಯದರಲ್ಲಿ ಎರಡು 81, ಮೂರನೆಯದರಲ್ಲಿ ಮೂರು. ಆರು ಒಂದುಗಳ ಸಾಲು ಮುಗಿಯುವಂಥದ್ದು, ಹಾಗಾಗಿ ಅಲ್ಲಿ ಏರಿದ್ದು ಇಳಿಯಿತು. ಈ ಸಾಲಿಗೆ ಕೊನೆಯಿಲ್ಲ, ಹಾಗಾಗಿ ಏರುತ್ತಲೇ ಹೋಗುತ್ತದೆ. 81 × 12345 = 999945ರವರೆಗೆ ಮಗ್ಗಿ ಆರು ಮನೆಗಳಲ್ಲಿ ಹಿಡಿಯುತ್ತದೆ. ಅದರ ಮುಂದಿನದಕ್ಕೆ ಏಳು ಅಂಕೆ ಬೇಕಾಗುವುದರಿಂದ ಒಂದು ಅಂಕೆ ಹಿಂದಿನ ಗುಂಪಿಗೆ ನುಗ್ಗುತ್ತದೆ.

ಇನ್ನು ಭಾಜಕಗಳ ಮೊತ್ತ. ಗ್ರೀಕರ ಕಾಲದಿಂದ ಗಣಿತಜ್ಞರನ್ನು ಕಾಡಿದ ಪ್ರಶ್ನೆ ಇದು: ಒಂದು ಸಂಖ್ಯೆಯ ಭಾಜಕಗಳನ್ನು, ಆ ಸಂಖ್ಯೆಯೊಂದನ್ನು ಬಿಟ್ಟು, ಕೂಡಿದರೆ ಮತ್ತೆ ಅದೇ ಸಂಖ್ಯೆ ಬರುತ್ತದೆಯೇ? 6ಕ್ಕೆ ಬರುತ್ತದೆ, 1 + 2 + 3. 28ಕ್ಕೂ ಬರುತ್ತದೆ. ಇಂಥವು ಪರಿಪೂರ್ಣ ಸಂಖ್ಯೆಗಳು. ಮುಂದಿನವು 496 ಮತ್ತು 8128. ಇವೆಲ್ಲ ಸಮಸಂಖ್ಯೆಗಳು. ನಮ್ಮ ಬೆಸಸಂಖ್ಯೆಯ ಕಥೆ ಏನು?

243 ಭಾಜಕಗಳನ್ನು ಬರೆದು ಕೂಡಬೇಕಾಗಿಲ್ಲ. 441ರಲ್ಲಿ ಪ್ರಯೋಗ ಮಾಡೋಣ. ಅದು 3² × 7². ಮೂರರ ಕಡೆಯಿಂದ 1, 3, 9 ಎಂಬ ಮೂರು ಆಯ್ಕೆ, ಏಳರ ಕಡೆಯಿಂದ 1, 7, 49. ಪ್ರತಿ ಭಾಜಕವೂ ಮೊದಲ ಗುಂಪಿನ ಒಂದನ್ನು ಎರಡನೆಯ ಗುಂಪಿನ ಒಂದರಿಂದ ಗುಣಿಸಿದಾಗ ಬರುವಂಥದ್ದು. ಹಾಗಾಗಿ ಎಲ್ಲ ಭಾಜಕಗಳ ಮೊತ್ತ (1 + 3 + 9) × (1 + 7 + 49), ಅಂದರೆ 13 × 57 = 741. ಒಂಬತ್ತು ಭಾಜಕಗಳನ್ನು ಬಿಡಿಬಿಡಿಯಾಗಿ ಕೂಡಿ ನೋಡಿದರೂ 741ನೇ.

ನಮ್ಮ ಹಾರಕ್ಕೆ ಐದು ಆವರಣಗಳು: 13, 57, 133, 183, 1407. ಎಲ್ಲವನ್ನೂ ಗುಣಿಸಿದರೆ 25375524993. ಇದರಲ್ಲಿ ಸಂಖ್ಯೆಯನ್ನೇ ಕಳೆದರೆ 13029870672. ಸಂಖ್ಯೆಗಿಂತ ಇದು 684216351 ಹೆಚ್ಚು. ತನಗಿಂತ ತನ್ನ ಭಾಜಕಗಳ ಮೊತ್ತವೇ ದೊಡ್ಡದಾದ ಬೆಸಸಂಖ್ಯೆ! ಸಮಸಂಖ್ಯೆಗಳಲ್ಲಿ ಇದು ಸಾಮಾನ್ಯ, 12ರಿಂದಲೇ ಶುರು. ಬೆಸಸಂಖ್ಯೆಗಳಲ್ಲಿ ವಿರಳ, ಮೊಟ್ಟಮೊದಲನೆಯದು ಸಿಗುವುದು 945ರಲ್ಲಿ.

ಈಗ 37ನ್ನು ಪಕ್ಕಕ್ಕಿಟ್ಟು ಉಳಿದ ನಾಲ್ಕನ್ನು ಮಾತ್ರ ನೋಡಿ. 3² × 7² × 11² × 13² = 9018009. ಇದು 3003ರ ವರ್ಗ. ಅದರ ಎಲ್ಲ ಭಾಜಕಗಳ ಮೊತ್ತ 13 × 57 × 133 × 183 = 18035199. ಪರಿಪೂರ್ಣವಾಗಬೇಕಾದರೆ ಈ ಮೊತ್ತ 9018009ರ ಎರಡರಷ್ಟು, ಅಂದರೆ 18036018 ಆಗಬೇಕಿತ್ತು. ಬರೀ 819 ಕಡಿಮೆ. ತೊಂಬತ್ತು ಲಕ್ಷದ ಸಂಖ್ಯೆಗೆ ಎಂಟುನೂರ ಹತ್ತೊಂಬತ್ತರ ಕೊರತೆ! ಕೂದಲೆಳೆಯಷ್ಟೇ.

ಈ ಕೊರತೆಯನ್ನು ತುಂಬಲು ಇನ್ನೊಂದು ಅವಿಭಾಜ್ಯವನ್ನು ಸೇರಿಸಿದರೆ ಹೇಗೆ? ಅದನ್ನು ‘ಪ’ ಎನ್ನೋಣ. ಅದರ ಆವರಣ ‘1 + ಪ’. ಮೊತ್ತ 18035199 × (1 + ಪ) ಆಗುತ್ತದೆ, ಬೇಕಾದದ್ದು 18036018 × ಪ. ಎರಡೂ ಸಮವಾಗಬೇಕಾದರೆ 819 × ಪ = 18035199 ಆಗಬೇಕು. ಭಾಗಿಸಿದರೆ ಪ = 22021. ಶೇಷವಿಲ್ಲ, ಸರಿಯಾಗಿ ಪೂರ್ಣಾಂಕವೇ ಬಂತು. ‘ಪ’ ಇದಕ್ಕಿಂತ ಚಿಕ್ಕ ಅವಿಭಾಜ್ಯವಾದರೆ ಮೊತ್ತ ಮೀರುತ್ತದೆ, ದೊಡ್ಡದಾದರೆ ಕೊರತೆ ಉಳಿಯುತ್ತದೆ. ಮಹಾವೀರರ ಹಾರದಲ್ಲಿರುವ 37 ತುಂಬ ಚಿಕ್ಕದು, ಅದಕ್ಕೇ ಅಲ್ಲಿ ಮೊತ್ತ ಮೀರಿತು.

ಇದೇ 22021ನ್ನು ಫ್ರಾನ್ಸಿನ ರನೆ ಡೆಕಾರ್ಟ್ 1638ರಲ್ಲಿ ಗಣಿತಜ್ಞ ಮೆರ್ಸೆನ್‌ಗೆ ಬರೆದ ಪತ್ರದಲ್ಲಿ ಮುಂದಿಟ್ಟ. ಇಂದು ಡೆಕಾರ್ಟ್ ಸಂಖ್ಯೆ ಎಂದು ಕರೆಯುವ 198585576189 ಎಂಬುದು 3² × 7² × 11² × 13² × 22021. 22021 ಅವಿಭಾಜ್ಯವಾಗಿದ್ದರೆ ಇದು ಬೆಸ ಪರಿಪೂರ್ಣ ಸಂಖ್ಯೆ. ಮಹಾವೀರರ ಹಾರಕ್ಕೂ ಡೆಕಾರ್ಟನ ಸಂಖ್ಯೆಗೂ ಮೊದಲ ನಾಲ್ಕು ಮಣಿಗಳು ಒಂದೇ, ವ್ಯತ್ಯಾಸ ಕೊನೆಯದರಲ್ಲಿ ಮಾತ್ರ. ಒಬ್ಬರಿಂದ ಇನ್ನೊಬ್ಬರಿಗೆ ಬಂದದ್ದಲ್ಲ ಇದು. ಮಹಾವೀರರಿಗೆ ಆ ನಾಲ್ಕು ಸಿಕ್ಕಿದ್ದು ಆರು ಒಂದುಗಳಿಂದ, ಡೆಕಾರ್ಟ್‌ಗೆ ಸಿಕ್ಕಿದ್ದು ಭಾಜಕಗಳ ಮೊತ್ತದಿಂದ.

ಅವನ ದಾರಿಯನ್ನು ನಾವೂ ನಡೆಯಬಹುದು. ಆ ನಾಲ್ಕು ಆವರಣಗಳನ್ನು ಒಡೆಯಿರಿ. 3ರ ಆವರಣ 13. 7ರದು 57, ಅಂದರೆ 3 × 19. 11ರದು 133, ಅಂದರೆ 7 × 19. 13ರದು 183, ಅಂದರೆ 3 × 61. 3 ಕರೆದಿದ್ದು 13ನ್ನು, 13 ಕರೆದಿದ್ದು ಮತ್ತೆ 3ನ್ನು, 11 ಕರೆದಿದ್ದು 7ನ್ನು. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾರೆ. ಹೊರಗೆ ಉಳಿದದ್ದು ಎರಡು 19 ಮತ್ತು ಒಂದು 61. ಗುಣಿಸಿದರೆ 19 × 19 × 61 = 22021! ಇದಕ್ಕೆ ಒಂದು ಕೂಡಿದರೆ 22022, ಅಂದರೆ 2 × 7 × 11² × 13. ಬೇಕಿದ್ದ ಎರಡರ ಪಟ್ಟು, ಕಡಿಮೆ ಬಿದ್ದಿದ್ದ ಒಂದು 7, ಎರಡು 11, ಒಂದು 13 ಎಲ್ಲವೂ ಅದರಲ್ಲೇ ಸಿಕ್ಕಿದವು. ಲೆಕ್ಕ ಬಿರುಕಿಲ್ಲದೆ ಮುಚ್ಚಿಕೊಳ್ಳುತ್ತದೆ.

ಅಡ್ಡಿ ಒಂದೇ. 22021 ಹುಟ್ಟಿದ್ದೇ 19, 19, 61ರ ಗುಣಲಬ್ಧವಾಗಿ, ಹಾಗಾಗಿ ಅದು ಅವಿಭಾಜ್ಯವಲ್ಲ. ಅದರ ನಿಜವಾದ ಭಾಜಕಗಳ ಮೊತ್ತ (1 + 19 + 361) × (1 + 61), ಅಂದರೆ 23622. ಬೇಕಿದ್ದದ್ದು 22022. ಹೀಗೆ ಡೆಕಾರ್ಟನ ಸಂಖ್ಯೆಯೂ ಮಹಾವೀರರ ಹಾರದಂತೆ ಮಿತಿ ಮೀರಿದ್ದೇ, ಪರಿಪೂರ್ಣವಲ್ಲ.

ನಿಜವಾದ ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯೇ ಎಂಬುದು ಇಂದಿಗೂ ಬಗೆಹರಿದಿಲ್ಲ. ಯಾರಿಗೂ ಸಿಕ್ಕಿಲ್ಲ, ಇಲ್ಲವೇ ಇಲ್ಲ ಎಂದು ಸಾಧಿಸಲೂ ಆಗಿಲ್ಲ. ಹಾಗೊಂದು ಇದ್ದರೆ ಅದು 10ರ 1500ನೇ ಘಾತಕ್ಕಿಂತ, ಅಂದರೆ ಒಂದರ ಮುಂದೆ ಸಾವಿರದ ಐನೂರು ಸೊನ್ನೆಗಳನ್ನಿಟ್ಟ ಸಂಖ್ಯೆಗಿಂತ, ದೊಡ್ಡದಾಗಿರಲೇಬೇಕೆಂದು 2012ರಲ್ಲಿ ಓಷೆಮ್ ಮತ್ತು ರಾವ್ ಎಂಬ ಗಣಿತಜ್ಞರು ಸಾಧಿಸಿ ತೋರಿಸಿದರು. ಅವರ ಕೆಲಸದಲ್ಲೂ ನಾವು ಮೇಲೆ ಮಾಡಿದಂಥದೇ ಒಡೆಯುವಿಕೆ ಇದೆ: ಒಂದು ಅವಿಭಾಜ್ಯದ ಆವರಣ ಯಾವ ಅವಿಭಾಜ್ಯಗಳನ್ನು ಕರೆಯುತ್ತದೆ, ಅವು ಮತ್ತೆ ಯಾರನ್ನು ಕರೆಯುತ್ತವೆ ಎಂದು ಕವಲು ಕವಲಾಗಿ ಹಿಂಬಾಲಿಸುವುದು. ಕವಲುಗಳು ಕೈಲೆಕ್ಕಕ್ಕೆ ಮೀರಿದಷ್ಟು, ಆದ್ದರಿಂದ ಆ ಕೆಲಸ ಕಂಪ್ಯೂಟರಿನದು.